ದೃಶ್ಯಮುಸುಕಿನ ಮೀಮಾಂಸೆ

ವಿಷಯ

ಕನ್ನಡಿಯಿಂದ ಒಂದು ಮೊಳ ದೂರದಲ್ಲಿ ನಿಂತು ನಿಮ್ಮ ಎಡಗಣ್ಣನ್ನೇ ನೋಡಿ. ಈಗ ದೃಷ್ಟಿಯನ್ನು ಬಲಗಣ್ಣಿಗೆ ಸರಿಸಿ. ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಎಷ್ಟು ಸಲ ಮಾಡಿದರೂ ನಿಮ್ಮ ಕಣ್ಣುಗುಡ್ಡೆ ಹೊರಳುವುದು ನಿಮಗೆ ಕಾಣುವುದಿಲ್ಲ. ಪಕ್ಕದಲ್ಲಿ ನಿಂತವರನ್ನು ಕೇಳಿದರೆ, ಚೆನ್ನಾಗಿಯೇ ಹೊರಳುತ್ತಿದೆಯಲ್ಲ ಎನ್ನುತ್ತಾರೆ. ಓದುವಾಗ ಕಣ್ಣು ಹೇಗೆ ಚಲಿಸುತ್ತದೆಂದು ಅಧ್ಯಯನ ಮಾಡುತ್ತಿದ್ದ ಎರ್ಡ್‌ಮನ್ ಮತ್ತು ಡಾಜ್ ಎಂಬ ವಿದ್ವಾಂಸರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ ಇದನ್ನು ಗಮನಿಸಿದ್ದರು. ಅವರ ಕೈಯಲ್ಲಿಲ್ಲದ ಒಂದು ಸಾಧನ ಇಂದು ನಮ್ಮ ಜೇಬಿನಲ್ಲಿದೆ. ಕನ್ನಡಿಯ ಬದಲು ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು ಅದೇ ಕೆಲಸ ಮಾಡಿ ನೋಡಿ. ಈಗ ಕಣ್ಣು ಹೊರಳುವುದು ಕಾಣುತ್ತದೆ. ಕ್ಯಾಮೆರಾ ಹಿಡಿದದ್ದು ಪರದೆಗೆ ಬರಲು ತುಸು ತಡವಾಗುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಕಣ್ಣು ಹೊಸ ಜಾಗದಲ್ಲಿ ನೆಲೆನಿಂತು, ತಾನು ಹೊರಳಿದ್ದರ ಚಿತ್ರವನ್ನು ನಿಶ್ಚಲವಾಗಿ ನೋಡುತ್ತಿರುತ್ತದೆ.

ಕಣ್ಣು ಜಿಗಿಯುವಾಗ ಅಕ್ಷಿಪಟದ ಮೇಲೆ ಇಡೀ ಜಗತ್ತು ಬಳಿದಂತೆ ಜಾರಿ ಹೋಗುತ್ತದೆ. ಆ ಬಳಿದ ಚಿತ್ರ ಎಲ್ಲಿ ಹೋಯಿತು? ಫರ್ಗಸ್ ಕ್ಯಾಂಬೆಲ್ ಮತ್ತು ರಾಬರ್ಟ್ ವುರ್ಟ್ಜ್ 1978ರಲ್ಲಿ ಇದಕ್ಕೊಂದು ಸರಳ ಪರೀಕ್ಷೆ ಮಾಡಿದರು. ಕತ್ತಲೆ ಕೋಣೆಯಲ್ಲಿ, ಕಣ್ಣು ಜಿಗಿಯುತ್ತಿರುವ ಹೊತ್ತಿಗೆ ಮಾತ್ರ ದೀಪ ಹತ್ತಿ ಆರುವಂತೆ ಮಾಡಿದಾಗ ಬಳಿದ ಚಿತ್ರ ನೋಡುಗರಿಗೆ ಕಂಡಿತು. ಜಿಗಿತ ಮುಗಿದ ಮೇಲೂ ದೀಪ ಒಂದಿಷ್ಟು ಹೊತ್ತು ಉರಿಯುವಂತೆ ಮಾಡಿದಾಗ ಅದು ಮಾಯವಾಯಿತು. ಕಣ್ಣಿಗೆ ಬಿದ್ದದ್ದು ಎರಡು ಸಲವೂ ಅದೇ ಮಸುಕು. ನಂತರ ಬಂದ ಸ್ಪಷ್ಟ ಚಿತ್ರ ಮೊದಲಿನದನ್ನು ಅಳಿಸಿತು, ಅಷ್ಟೇ ವ್ಯತ್ಯಾಸ.

ಹೀಗೆ ಒಂದು ದೃಶ್ಯ ತನ್ನ ಹಿಂದೆ ಅಥವಾ ಮುಂದೆ ಬಂದ ಇನ್ನೊಂದರ ದೆಸೆಯಿಂದ ಕಾಣದಂತಾಗುವುದಕ್ಕೆ ಮನೋವಿಜ್ಞಾನಿಗಳು ಮಾಸ್ಕಿಂಗ್ ಎನ್ನುತ್ತಾರೆ. ನಾನು ಅದನ್ನು ಮುಸುಕು ಎಂದು ಕರೆಯುತ್ತೇನೆ. ಮೊದಲು ಬಂದದ್ದು ನಂತರದ್ದನ್ನು ಮರೆಮಾಡಿದರೆ ಮುಮ್ಮುಖ ಮುಸುಕು. ನಂತರ ಬಂದದ್ದು ಮೊದಲಿನದನ್ನು ಮರೆಮಾಡಿದರೆ ಹಿಮ್ಮುಖ ಮುಸುಕು. ಮೊದಲನೆಯದರಲ್ಲಿ ಹೆಚ್ಚು ಸೋಜಿಗವಿಲ್ಲ, ಬಿಸಿಲಿನಿಂದ ಬಂದು ನಡುಮನೆ ಹೊಕ್ಕಾಗ ಅದು ಎಲ್ಲರಿಗೂ ಆಗುತ್ತದೆ. ಈ ಬರಹದ ವಿಷಯ ಎರಡನೆಯದು.

ಅದರ ಶುದ್ಧ ರೂಪ ಹೀಗಿದೆ. ಬಿಳಿಯ ಪರದೆಯ ಮೇಲೆ ಒಂದು ಕಪ್ಪು ಬಿಲ್ಲೆಯನ್ನು ಕ್ಷಣಮಾತ್ರ ತೋರಿಸಿ. ಅದು ಹೋದ ಮೇಲೆ, ಅದು ಇದ್ದ ಜಾಗವನ್ನು ಸುತ್ತುವರಿಯುವಂತೆ ಒಂದು ಕಪ್ಪು ಬಳೆಯನ್ನು ತೋರಿಸಿ. ಬಳೆಯ ಒಳ ಅಂಚು ಬಿಲ್ಲೆಯ ಹೊರ ಅಂಚಿಗೆ ತಾಗಿದಂತಿರಲಿ, ಆದರೆ ಒಂದರ ಮೇಲೊಂದು ಬೀಳದಿರಲಿ. ಬಿಲ್ಲೆಯನ್ನು ಒಂಟಿಯಾಗಿ ತೋರಿಸಿದರೆ ಯಾರಿಗಾದರೂ ಕಾಣುತ್ತದೆ. ಬಳೆ ಹಿಂಬಾಲಿಸಿದರೆ ನೋಡುಗರು ಬಳೆಯೊಂದನ್ನೇ ಹೇಳುತ್ತಾರೆ. ಒಳಗೆ ಖಾಲಿ ಬಿಳುಪು. ಹೈಂಜ್ ವರ್ನರ್ 1935ರಲ್ಲಿ ಈ ಬಿಲ್ಲೆ-ಬಳೆಯ ಪ್ರಯೋಗವನ್ನು ವಿವರವಾಗಿ ಪ್ರಕಟಿಸಿದರು. ಅದಕ್ಕೂ ಮೊದಲು, 1868ರಲ್ಲೇ, ಒಂದು ನೋಟಕ್ಕೆ ಎಷ್ಟು ಕಾಲ ಬೇಕೆಂದು ಅಳೆಯಹೊರಟಿದ್ದ ಸಿಗ್ಮುಂಡ್ ಎಕ್ಸ್‌ನರ್ ಒಂದು ದೃಶ್ಯವನ್ನು ಇನ್ನೊಂದರಿಂದ ತಡೆಯುವ ಉಪಾಯವನ್ನು ಬಳಸಿದ್ದರು. ಅಂಚಿಗೆ ಅಂಚು ತಾಗುವ ಈ ಬಗೆಯ ಮುಸುಕಿಗೆ ಮೆಟಾಕಾಂಟ್ರಾಸ್ಟ್ ಎಂಬ ಹೆಸರು ಬಂದದ್ದು 1910ರಲ್ಲಿ, ರಾಬರ್ಟ್ ಸ್ಟಿಗ್ಲರ್ ಅವರಿಂದ.

ಇದರಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಒಂದಿದೆ. ಬಿಲ್ಲೆಯನ್ನೂ ಬಳೆಯನ್ನೂ ಒಟ್ಟಿಗೇ ತೋರಿಸಿದರೆ ಬಿಲ್ಲೆ ಕಾಣುತ್ತದೆ. ಬಳೆ 200 ಮಿಲಿಸೆಕೆಂಡ್ ತಡವಾಗಿ ಬಂದರೂ ಬಿಲ್ಲೆ ಕಾಣುತ್ತದೆ. ನಡುವೆ, ಸುಮಾರು 50ರಿಂದ 100 ಮಿಲಿಸೆಕೆಂಡ್ ಅಂತರದಲ್ಲಿ ಮಾತ್ರ ಬಿಲ್ಲೆ ಮುಳುಗಿ ಹೋಗುತ್ತದೆ. ಗೆರೆ ಎಳೆದರೆ ಅದು ನಡುವೆ ತಗ್ಗಿ ಎರಡೂ ಬದಿ ಏರುವ ತೊಟ್ಟಿಲಿನಂತೆ ಬರುತ್ತದೆ. ಮುಂದೆ ಬರುವ ವಾದಗಳೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಈ ತೊಟ್ಟಿಲಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.

ಸಂಶಯ

ಬಳೆ ಬಂದಾಗ ಕಳೆದುಹೋದದ್ದು ಏನು? ಬಿಲ್ಲೆಯ ಬೆಳಕೇ, ಬಿಲ್ಲೆಯ ನೋಟವೇ, ಅಥವಾ ಬಿಲ್ಲೆಯ ನೆನಪೇ?

ನೋಡುವುದೆಂದರೆ ಕಣ್ಣು ತೆರೆದ ಕೂಡಲೇ ಆಗಿ ಮುಗಿಯುವ ಸಂಗತಿ ಎಂದು ನಾವು ನಂಬಿದ್ದೇವೆ. ಈ ನಂಬಿಕೆಯನ್ನು ನಮ್ಮ ನೈಯಾಯಿಕರು ಬಹಳ ಹಿಂದೆಯೇ ಕೆದಕಿದ್ದರು. ನೂರು ತಾವರೆ ಎಸಳನ್ನು ಒಂದರ ಮೇಲೊಂದು ಇಟ್ಟು ಸೂಜಿ ಚುಚ್ಚಿದರೆ ಎಲ್ಲವೂ ಒಟ್ಟಿಗೇ ತೂತಾದಂತೆ ತೋರುತ್ತದೆ, ಆದರೆ ತೂತಾಗುವುದು ಒಂದಾದ ಮೇಲೊಂದು. ಕೊಳ್ಳಿಯನ್ನು ಗಿರನೆ ತಿರುಗಿಸಿದರೆ ಬೆಂಕಿಯ ಚಕ್ರ ಕಾಣುತ್ತದೆ, ಚಕ್ರವೆಂಬುದು ಅಲ್ಲಿಲ್ಲ. ಮುಸುಕಿನ ವಿದ್ಯೆ ಅವರಿಗೆ ಗೊತ್ತಿತ್ತೆಂದು ಹೇಳುವ ಉದ್ದೇಶ ನನಗಿಲ್ಲ, ಗೊತ್ತಿರಲಿಲ್ಲ. ಆದರೆ ತೋರುವ ಕಾಲವೂ ಆಗುವ ಕಾಲವೂ ಒಂದೇ ಆಗಿರಬೇಕಿಲ್ಲ ಎಂಬ ಅವರ ಅನುಮಾನ ಸರಿಯಾಗಿತ್ತು.

ನನ್ನ ಪ್ರತಿಜ್ಞೆ ಇದು: ನೋಟವೆಂಬುದು ಕಾಲ ಹಿಡಿಯುವ ಕೆಲಸ. ಬೆಳಕು ಮುಟ್ಟುವುದು ಬೇರೆ, ಮುಟ್ಟಿದ್ದು ಮಿದುಳಿನಲ್ಲಿ ಪರಿಣಾಮ ಮಾಡುವುದು ಬೇರೆ, ಆ ಪರಿಣಾಮ 'ಕಂಡಿತು' ಎನ್ನುವ ಮಟ್ಟಕ್ಕೆ ಏರುವುದು ಬೇರೆ. ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ, ವ್ಯವಹಾರ ಮೊದಲು ಕಿರ್ದಿಯಲ್ಲಿ ದಾಖಲಾಗುತ್ತದೆ, ಆಮೇಲೆ ಖಾತೆಗೆ ಏರುತ್ತದೆ. ಹಿಮ್ಮುಖ ಮುಸುಕು ಕಿರ್ದಿಯ ಬರಹವನ್ನು ಅಳಿಸುವುದಿಲ್ಲ, ಖಾತೆಗೆ ಏರಿಸುವ ಕೆಲಸವನ್ನು ನಡುವೆ ತಡೆಯುತ್ತದೆ.

ಮೊದಲ ಆಕ್ಷೇಪ: ಇದು ಕಣ್ಣಿನ ದೋಷ, ಮಿದುಳಿನ ಮಾತೇಕೆ?

ಪೂರ್ವಪಕ್ಷಿ ಹೀಗೆನ್ನಬಹುದು: ಕ್ಯಾಮೆರಾದ ಫ್ಲ್ಯಾಶ್ ಕಣ್ಣಿಗೆ ಹೊಡೆದರೆ ಎದುರಿನದು ಕಾಣದಾಗುವುದು ಎಲ್ಲರಿಗೂ ಗೊತ್ತು. ಸುಮಾರು 100 ಮಿಲಿಸೆಕೆಂಡ್‌ನ ಒಳಗೆ ಬಿದ್ದ ಬೆಳಕನ್ನು ಕಣ್ಣು ಒಟ್ಟು ಕೂಡಿಸಿಕೊಳ್ಳುತ್ತದೆ ಎಂದು ಬ್ಲಾಕ್ 1885ರಲ್ಲೇ ತೋರಿಸಿದ್ದಾರೆ. ಹಾಗಾದರೆ ಎರಡು ಚಿತ್ರಗಳು ಒಂದೇ ಫಿಲ್ಮಿನ ಮೇಲೆ ಎರಡು ಸಲ ತೆಗೆದ ಫೋಟೊದಂತೆ ಕಲಸಿಹೋಗುತ್ತವೆ. ಇಷ್ಟರಲ್ಲೇ ಎಲ್ಲವೂ ತೀರುತ್ತದೆ.

ಈ ಮಾತಿನಲ್ಲಿ ಅರ್ಧ ನಿಜವಿದೆ, ಆ ಅರ್ಧವನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಮುಸುಕಾಗಿ ಬರುವುದು ಬರಿಯ ಬೆಳಕಾಗಿದ್ದರೆ ಕೆಲಸ ಬಹುಪಾಲು ಕಣ್ಣಿನಲ್ಲೇ ನಡೆಯುತ್ತದೆ. ಮೈಕೆಲ್ ಟರ್ವಿ 1973ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳು ಈ ಗಡಿಯನ್ನು ಗುರುತಿಸಿದವು. ಅವರು ಅಕ್ಷರವನ್ನು ಒಂದು ಕಣ್ಣಿಗೆ, ಮುಸುಕನ್ನು ಇನ್ನೊಂದು ಕಣ್ಣಿಗೆ ತೋರಿಸಿದರು. ಎರಡು ಕಣ್ಣುಗಳ ಸುದ್ದಿ ಕೂಡಿಕೊಳ್ಳುವುದು ಮಿದುಳಿನ ಹಿಂಭಾಗದ ದೃಷ್ಟಿ ಪ್ರದೇಶಕ್ಕೆ ಬಂದ ಮೇಲೆಯೇ. ಆದ್ದರಿಂದ ಕಣ್ಣಿನ ದೋಷವಾಗಿದ್ದರೆ ಮುಸುಕು ಬೀಳಬಾರದಿತ್ತು. ಚುಕ್ಕೆಗಳನ್ನು ಎರಚಿದಂತಹ ಮುಸುಕು ಹೀಗೆ ಬೇರೆ ಕಣ್ಣಿಗೆ ಬಂದಾಗ ಸೋತಿತು. ಅಕ್ಷರದ ಗೆರೆಗಳನ್ನು ಹೋಲುವ ಗೆರೆಗಳುಳ್ಳ ಮುಸುಕು ಬೇರೆ ಕಣ್ಣಿನಿಂದ ಬಂದರೂ ಅಕ್ಷರವನ್ನು ನುಂಗಿತು. ಮೊದಲ ಬಗೆಯಲ್ಲಿ ಎಷ್ಟು ಬೆಳಕು ಎಂಬುದು ಮುಖ್ಯ. ಎರಡನೆಯದರಲ್ಲಿ ಅಕ್ಷರ ಶುರುವಾದಾಗಿನಿಂದ ಮುಸುಕು ಶುರುವಾಗುವವರೆಗೆ ಎಷ್ಟು ಹೊತ್ತು ಸಿಕ್ಕಿತು ಎಂಬುದೇ ಮುಖ್ಯ. ಕೆಲಸಕ್ಕೆ ಸಿಕ್ಕ ಸಮಯ ಎಂಬ ಅರ್ಥ ಅಲ್ಲಿ ತಾನಾಗಿ ಹೊರಬರುತ್ತದೆ.

ಬಿಲ್ಲೆ-ಬಳೆಯಲ್ಲಂತೂ ಕಲಸಿಹೋಗುವ ಮಾತೇ ಇಲ್ಲ, ಎರಡೂ ಒಂದರ ಮೇಲೊಂದು ಬೀಳುವುದಿಲ್ಲ. ಕಲಸುವಿಕೆಯೇ ಕಾರಣವಾಗಿದ್ದರೆ ಒಟ್ಟಿಗೆ ತೋರಿಸಿದಾಗ ಅತಿ ಹೆಚ್ಚು ಹಾನಿಯಾಗಬೇಕಿತ್ತು; ತೊಟ್ಟಿಲಿನ ಗೆರೆ ಅದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತದೆ. ಇನ್ನೂ ಬೇಕೆಂದರೆ ವಿನ್ಸೆಂಟ್ ಡಿ ಲೋಲೊ, ಜೇಮ್ಸ್ ಎನ್ಸ್ ಮತ್ತು ರೊನಾಲ್ಡ್ ರೆನ್‌ಸಿಂಕ್ 2000ದಲ್ಲಿ ವಿವರಿಸಿದ ನಾಲ್ಕು ಚುಕ್ಕೆಗಳನ್ನು ನೋಡಿ. ಹಲವು ಆಕೃತಿಗಳು ಒಟ್ಟಿಗೆ ಮಿಂಚುತ್ತವೆ, ಅವುಗಳಲ್ಲಿ ಒಂದರ ಸುತ್ತ ಮೂಲೆಗೊಂದರಂತೆ ನಾಲ್ಕು ಸಣ್ಣ ಚುಕ್ಕೆಗಳು. ಆಕೃತಿಗಳ ಜೊತೆಗೆ ಚುಕ್ಕೆಗಳೂ ಹೋದರೆ ನಡುವಿನ ಆಕೃತಿ ಕಾಣುತ್ತದೆ. ಚುಕ್ಕೆಗಳು ಮಾತ್ರ ಇನ್ನಷ್ಟು ಹೊತ್ತು ಉಳಿದರೆ ಆಕೃತಿ ಕಾಣದು. ಆ ಚುಕ್ಕೆಗಳಿಗೆ ಹೇಳಿಕೊಳ್ಳುವಂತಹ ಬೆಳಕಿಲ್ಲ, ಆಕೃತಿಗೆ ತಾಗುವ ಅಂಚೂ ಇಲ್ಲ. ಗಮನ ಮೊದಲೇ ಆ ಜಾಗಕ್ಕೆ ಹೋಗಿದ್ದರೆ ಮುಸುಕು ಬಹುಮಟ್ಟಿಗೆ ಬೀಳುವುದೇ ಇಲ್ಲ. ಗಮನಕ್ಕೆ ಬಗ್ಗುವ ಇಂತಹ ಸಂಗತಿಯನ್ನು ಅಕ್ಷಿಪಟದ ದೋಷವೆನ್ನಲಾಗದು.

ಎರಡನೆಯ ಆಕ್ಷೇಪ: ನಂತರ ಬಂದದ್ದು ಮೊದಲಿನದನ್ನು ಹೇಗೆ ಕೆಡಿಸೀತು?

ಕಾರಣ ಕಾರ್ಯಕ್ಕಿಂತ ಮೊದಲಿರಬೇಕು. ಬಿಲ್ಲೆ ಬಂದು ಹೋದ ಮೇಲೆ ಬಳೆ ಬಂದಿದೆ. ಆಗಿಹೋದದ್ದನ್ನು ಆಗಲಿಲ್ಲವೆನ್ನಿಸುವ ಶಕ್ತಿ ಜಗತ್ತಿನಲ್ಲಿ ಯಾವುದಕ್ಕೂ ಇಲ್ಲ. ಇದು ಗಟ್ಟಿಯಾದ ಆಕ್ಷೇಪ, ಎಲ್ಲ ಆಕ್ಷೇಪಗಳಲ್ಲಿ ನಾನು ಹೆಚ್ಚು ಗೌರವಿಸುವಂಥದ್ದು.

ಅದರ ಬಲವನ್ನು ಕ್ರಾಫರ್ಡ್ ಅವರ 1947ರ ಅಳತೆ ಇನ್ನಷ್ಟು ಹರಿತ ಮಾಡುತ್ತದೆ. ಮಂದವಾದ ಒಂದು ಮಿಂಚನ್ನು ಕಾಣಲು ಕನಿಷ್ಠ ಎಷ್ಟು ಬೆಳಕು ಬೇಕೆಂದು ಅವರು ಅಳೆದರು. ಅದರ ಹಿಂದು ಮುಂದು ಒಂದು ಪ್ರಖರ ಬೆಳಕನ್ನು ಹೊತ್ತಿಸಿದರು. ಪ್ರಖರ ಬೆಳಕು ಹೊತ್ತುವುದಕ್ಕೆ ಸುಮಾರು 0.1 ಸೆಕೆಂಡು ಮೊದಲೇ ಕಾಣುವ ಹೊಸ್ತಿಲು ಏರತೊಡಗಿತ್ತು. ಬರಲಿರುವ ಬೆಳಕಿಗೆ ಕಣ್ಣು ಮೊದಲೇ ಕುರುಡಾಯಿತೇ?

ಇಲ್ಲ. ಆಕ್ಷೇಪದಲ್ಲಿ ಅಡಗಿರುವ ತಪ್ಪು 'ಆಗಿಹೋದದ್ದು' ಎಂಬ ಪದದಲ್ಲಿದೆ. ಪರದೆಯ ಮೇಲೆ ಬಿಲ್ಲೆ ಆಗಿಹೋಗಿದೆ, ಮಿದುಳಿನಲ್ಲಿ ಅದು ಇನ್ನೂ ಆಗುತ್ತಿದೆ. ಮಂಗಗಳ ಮಿದುಳಿನಲ್ಲಿ ಅಳೆದು ನೋಡಿದಾಗ, ದೃಶ್ಯದ ಮೊದಲ ಸುದ್ದಿ ಪ್ರಾಥಮಿಕ ದೃಷ್ಟಿ ಪ್ರದೇಶವನ್ನು ಮುಟ್ಟಲು ಸುಮಾರು 40ರಿಂದ 60 ಮಿಲಿಸೆಕೆಂಡ್ ಹಿಡಿಯುತ್ತದೆ. ಮುಖ ಮುಂತಾದ ಆಕೃತಿಗಳನ್ನು ಗುರುತಿಸುವ ಕಪೋಲ ಭಾಗದ ನರಕೋಶಗಳಿಗೆ ಮುಟ್ಟಲು ಅದಕ್ಕಿಂತ ಹೆಚ್ಚು. ಅಲ್ಲಿಂದ ಸುದ್ದಿ ಮತ್ತೆ ಹಿಂದಿನ ಪ್ರದೇಶಗಳಿಗೆ ಮರಳುತ್ತದೆ, ಹೋಗಿ ಬಂದು ತಾಳೆ ನೋಡುತ್ತದೆ. ಪ್ರಖರವಾದ ಬೆಳಕಿನ ಸುದ್ದಿ ಬೇಗ ಓಡುತ್ತದೆ, ಮಂದ ಬೆಳಕಿನದು ತಡವಾಗಿ. ಮಂದವಾದದ್ದು ಇನ್ನೂ ದಾರಿಯಲ್ಲಿರುವಾಗಲೇ ನಂತರ ಹೊರಟ ಪ್ರಖರವಾದದ್ದು ಅದನ್ನು ಹಿಡಿಯಬಲ್ಲದು. ಕಾಗದ ಬರೆದು ಅಂಚೆಗೆ ಹಾಕಿದ ಮರುದಿನ ಫೋನ್ ಮಾಡಿದರೆ ಕಾಗದಕ್ಕಿಂತ ಮೊದಲು ಫೋನ್ ತಲುಪುತ್ತದೆ. ಇದರಲ್ಲಿ ಕಾಲ ಹಿಂದಕ್ಕೆ ಹರಿಯಿತೆಂದು ಯಾರೂ ಹೇಳುವುದಿಲ್ಲ.

ತೊಟ್ಟಿಲಿನ ಗೆರೆಯನ್ನು ಬ್ರೂನೊ ಬ್ರೈಟ್‌ಮೈಯರ್ ಮತ್ತು ಲಿಯೊ ಗ್ಯಾಂಟ್ಜ್ 1976ರಲ್ಲಿ ಈ ದಾರಿಯಲ್ಲೇ ವಿವರಿಸಿದರು. ಅವರ ಪ್ರಕಾರ ಪ್ರತಿ ದೃಶ್ಯವೂ ಎರಡು ಬಗೆಯ ಸುದ್ದಿಯನ್ನು ಕಳಿಸುತ್ತದೆ. ಒಂದು, ಏನೋ ಬಂತು ಎಂದಷ್ಟೇ ಸಾರಿ ಮುಗಿಯುವ ಚುರುಕು ಸುದ್ದಿ. ಇನ್ನೊಂದು, ಬಂದದ್ದರ ಆಕಾರ ಅಂಚುಗಳನ್ನು ಹೊತ್ತು ತರುವ ನಿಧಾನದ ಸುದ್ದಿ. ಬಳೆಯ ಚುರುಕು ಸುದ್ದಿ ಬಿಲ್ಲೆಯ ನಿಧಾನದ ಸುದ್ದಿಯನ್ನು ತಡೆಯುತ್ತದೆ. ಎರಡೂ ಒಟ್ಟಿಗೆ ಹೊರಟರೆ ಬಳೆಯ ಚುರುಕು ಸುದ್ದಿ ಮುಂದೆ ಓಡಿಬಿಡುತ್ತದೆ, ಬಿಲ್ಲೆಗೆ ಪೆಟ್ಟಿಲ್ಲ. ಬಹಳ ತಡವಾದರೆ ಬಿಲ್ಲೆ ಕೆಲಸ ಮುಗಿಸಿರುತ್ತದೆ. ನಡುವಣ ಅಂತರದಲ್ಲಿ ಎರಡೂ ಎದುರಾಗುತ್ತವೆ. ಈ ವಿವರಣೆಯನ್ನು ಎಲ್ಲರೂ ಒಪ್ಪಿಲ್ಲ. ಮ್ಯಾಕ್ನಿಕ್ ಮತ್ತು ಲಿವಿಂಗ್‌ಸ್ಟನ್ 1998ರಲ್ಲಿ ಬೇರೊಂದನ್ನು ಎತ್ತಿ ತೋರಿಸಿದರು: ದೃಶ್ಯ ಬಂದಾಗ ಒಮ್ಮೆ, ಹೋದಾಗ ಇನ್ನೊಮ್ಮೆ ನರಕೋಶಗಳು ಸ್ಪಂದಿಸುತ್ತವೆ, ಹಿಮ್ಮುಖ ಮುಸುಕು ಕೊಲ್ಲುವುದು ಆ ಎರಡನೆಯ ಸ್ಪಂದನವನ್ನು. ಇವೆರಡರಲ್ಲಿ ಯಾವುದು ಗೆದ್ದರೂ ನನ್ನ ಪ್ರತಿಜ್ಞೆಗೆ ಬಾಧಕವಿಲ್ಲ. ಎರಡೂ ಹೇಳುವುದು, ಬಳೆ ಬಂದಾಗ ಬಿಲ್ಲೆಯ ಕೆಲಸ ಮುಗಿದಿರಲಿಲ್ಲ ಎಂದೇ.

ಈ ಮಾತಿಗೆ ಅತ್ಯಂತ ನೇರವಾದ ಸಾಕ್ಷ್ಯ ಆಕ್ಸ್‌ಫರ್ಡಿನ ಎಡ್ಮಂಡ್ ರೋಲ್ಸ್ ಮತ್ತು ಮಾರ್ಟಿನ್ ಟೊವೀ 1994ರಲ್ಲಿ ಕೊಟ್ಟದ್ದು. ಮಂಗಕ್ಕೆ ಒಂದು ಮುಖದ ಚಿತ್ರವನ್ನು 20 ಮಿಲಿಸೆಕೆಂಡ್‌ಗಿಂತ ಕಡಿಮೆ ಹೊತ್ತು ತೋರಿಸಿದಾಗಲೂ ಮುಖಕ್ಕೆ ಸ್ಪಂದಿಸುವ ನರಕೋಶ 200ರಿಂದ 300 ಮಿಲಿಸೆಕೆಂಡ್ ಮಿಡಿಯುತ್ತಲೇ ಇತ್ತು. ಚಿತ್ರ ಶುರುವಾಗಿ 20 ಮಿಲಿಸೆಕೆಂಡ್‌ಗೆ ಮುಸುಕು ಬಂದರೆ ಅದೇ ಮಿಡಿತ ಸುಮಾರು 30 ಮಿಲಿಸೆಕೆಂಡ್‌ಗೆ ಕತ್ತರಿಸಿ ಹೋಯಿತು. ಮಿಡಿತ ಶುರುವಾಗಿತ್ತು ಎಂಬುದನ್ನು ಗಮನಿಸಬೇಕು. ಕಿರ್ದಿಯಲ್ಲಿ ಬರಹವಿದೆ. ವಿಕ್ಟರ್ ಲಾಮೆ ಮತ್ತು ಸಂಗಡಿಗರು 2002ರಲ್ಲಿ ಪ್ರಾಥಮಿಕ ದೃಷ್ಟಿ ಪ್ರದೇಶದಲ್ಲೇ ಇದನ್ನು ಇನ್ನೊಂದು ಬದಿಯಿಂದ ಕಂಡರು. ಮುಸುಕು ಹಾಕಿದಾಗಲೂ ಮೊದಲ ಅಲೆ ಹಾಗೆಯೇ ಉಳಿಯಿತು. ಆಕೃತಿ ಯಾವುದು ಹಿನ್ನೆಲೆ ಯಾವುದು ಎಂದು ಬೇರ್ಪಡಿಸುವ, ತಡವಾಗಿ ಬರುವ ಸ್ಪಂದನ ಮಾತ್ರ ಇಲ್ಲವಾಯಿತು.

ಮೂರನೆಯ ಆಕ್ಷೇಪ: 13 ಮಿಲಿಸೆಕೆಂಡ್ ಸಾಕಲ್ಲವೇ?

ಎಂಐಟಿಯ ಮೇರಿ ಪಾಟರ್ ಮತ್ತು ಸಂಗಡಿಗರು 2014ರಲ್ಲಿ ಚಿತ್ರಗಳನ್ನು ಒಂದರ ಹಿಂದೊಂದರಂತೆ, ಒಂದೊಂದನ್ನು 13 ಮಿಲಿಸೆಕೆಂಡ್ ಮಾತ್ರ ತೋರಿಸಿದರು. ಹೇಳಿದ ವಿಷಯದ ಚಿತ್ರ ಆ ಸಾಲಿನಲ್ಲಿತ್ತೇ ಎಂದು ಜನ ಬರಿಯ ಊಹೆಗಿಂತ ಮೇಲಾಗಿ ಹೇಳಿದರು. ನೋಟಕ್ಕೆ ಕಾಲ ಬೇಕೆಂಬ ನಿಮ್ಮ ಪ್ರತಿಜ್ಞೆ ಇಲ್ಲಿ ಬಿತ್ತು ಎನ್ನುತ್ತಾನೆ ಪೂರ್ವಪಕ್ಷಿ.

ಇಲ್ಲಿ ಎರಡು ಕಾಲಗಳನ್ನು ಒಂದೆಂದು ಎಣಿಸಿದ್ದಾಗಿದೆ. ಪರದೆಯ ಮೇಲೆ ಚಿತ್ರ ಇದ್ದ ಕಾಲ ಒಂದು, ಅದರ ಮೇಲೆ ಮಿದುಳು ದುಡಿದ ಕಾಲ ಇನ್ನೊಂದು. ಕ್ಯಾಮೆರಾದ ಫ್ಲ್ಯಾಶ್ ಹೊಳೆಯುವುದು 1 ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ. ಆ ಬೆಳಕಿನಲ್ಲಿ ಕತ್ತಲೆ ಕೋಣೆಯ ಮೇಜು, ಕುರ್ಚಿ, ಗೋಡೆಯ ಕ್ಯಾಲೆಂಡರ್ ಎಲ್ಲವೂ ಕಾಣುತ್ತವೆ. ಮತ್ತೆ ಕತ್ತಲೆಯೇ ಬರುವುದರಿಂದ ಅಳಿಸುವವರಿಲ್ಲ, ಮಿದುಳು ಸಾವಕಾಶವಾಗಿ ಕೆಲಸ ಮುಗಿಸುತ್ತದೆ. ಸೈಮನ್ ಥೋರ್ಪ್ ಮತ್ತು ಸಂಗಡಿಗರು 1996ರಲ್ಲಿ ಕಾಡು-ಮೇಡಿನ ಫೋಟೊಗಳನ್ನು 20 ಮಿಲಿಸೆಕೆಂಡ್ ತೋರಿಸಿ ಅದರಲ್ಲಿ ಪ್ರಾಣಿ ಇತ್ತೇ ಎಂದು ಕೇಳಿದರು. ಉತ್ತರ 100ಕ್ಕೆ 94 ಸರಿ. ಆದರೆ ಪ್ರಾಣಿ ಇದ್ದ ಚಿತ್ರಕ್ಕೂ ಇಲ್ಲದ್ದಕ್ಕೂ ಮಿದುಳಿನ ವಿದ್ಯುತ್ ಅಲೆಗಳಲ್ಲಿ ವ್ಯತ್ಯಾಸ ಕಾಣಿಸಿಕೊಂಡದ್ದು ಸುಮಾರು 150 ಮಿಲಿಸೆಕೆಂಡ್ ಕಳೆದ ಮೇಲೆ. 20ಕ್ಕೆ ಬಂದದ್ದು 150ಕ್ಕೆ ಬೇರ್ಪಟ್ಟಿತು. ಪಾಟರ್ ಅವರ ಪ್ರಯೋಗದ ಬಗ್ಗೆಯೂ ಒಂದು ತಕರಾರು ಇದೆ: ಒಂದು ಚಿತ್ರ ತನ್ನ ಹಿಂದಿನದಕ್ಕೆ ಒಳ್ಳೆಯ ಮುಸುಕೇ ಆಗಿರಬೇಕೆಂದಿಲ್ಲ. ಮ್ಯಾಗ್ವೈರ್ ಮತ್ತು ಹೌ 2016ರಲ್ಲಿ ಈ ಮಾತನ್ನೆತ್ತಿ, ಗಟ್ಟಿ ಮುಸುಕು ಹಾಕಿದರೆ ಅಷ್ಟು ಕಡಿಮೆ ಹೊತ್ತಿನಲ್ಲಿ ಗುರುತಿಸಲಾಗದು ಎಂದು ವಾದಿಸಿದರು. ನನಗೆ ಅವರ ಮಾತು ಸರಿಯೆನಿಸುತ್ತದೆ.

ನಾಲ್ಕನೆಯ ಆಕ್ಷೇಪ: ಇದೆಲ್ಲ ಪ್ರಯೋಗಶಾಲೆಯ ಆಟ

ಇದಕ್ಕೆ ಉತ್ತರ ಕನ್ನಡಿಯ ಮುಂದೆಯೇ ಸಿಕ್ಕಿದೆ. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ. ಎಚ್ಚರವಿರುವ 16 ಗಂಟೆಗೆ ಲೆಕ್ಕ ಹಾಕಿದರೆ ದಿನಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು. ಅಷ್ಟೂ ಸಲ ಬಳಿದ ಚಿತ್ರ ಬರುತ್ತದೆ, ಅಷ್ಟೂ ಸಲ ಅದು ಕಾಣದೆ ಹೋಗುತ್ತದೆ. ಜಿಗಿತದ ಹೊತ್ತಿಗೆ ಮಿದುಳು ತಾನೇ ದೃಷ್ಟಿಯನ್ನು ತುಸು ತಗ್ಗಿಸುವುದೂ ಇದೆ, ಆ ಪಾಲನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಮುಸುಕು ಇಲ್ಲದಿದ್ದರೆ ಈ ಸಾಲನ್ನು ಓದುವುದು ನಿಮಗೆ ಓಡುವ ಬಸ್ಸಿನ ಕಿಟಕಿಯಿಂದ ಅಂಗಡಿಯ ಬೋರ್ಡು ಓದಿದಂತೆ ಆಗುತ್ತಿತ್ತು.

ಐದನೆಯ ಆಕ್ಷೇಪ: ಕಾಣದ ಚಿತ್ರ ಪರಿಣಾಮ ಮಾಡುವುದಾದರೆ ನಮ್ಮನ್ನು ಆಳುವವರು ಯಾರು?

ಕಿರ್ದಿಯಲ್ಲಿ ಬರಹ ಉಳಿಯುತ್ತದೆಂದು ಒಪ್ಪಿದರೆ ಒಂದು ಭಯ ಹುಟ್ಟುತ್ತದೆ. ಜಾಹೀರಾತಿನವರು, ರಾಜಕೀಯದವರು ನಮಗೆ ತಿಳಿಯದಂತೆ ನಮ್ಮೊಳಗೆ ಬರೆಯುತ್ತಿರಬಹುದಲ್ಲ? ಈ ಭಯಕ್ಕೆ ಒಂದು ಚರಿತ್ರೆಯಿದೆ. 1957ರಲ್ಲಿ ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ, ಅಮೆರಿಕದ ನ್ಯೂಜೆರ್ಸಿಯ ಫೋರ್ಟ್ ಲೀ ಊರಿನ ಚಿತ್ರಮಂದಿರದಲ್ಲಿ ಸಿನಿಮಾದ ನಡುವೆ ಪಾಪ್‌ಕಾರ್ನ್ ತಿನ್ನಿ, ಕೋಕಾ-ಕೋಲಾ ಕುಡಿಯಿರಿ ಎಂಬ ಮಾತುಗಳನ್ನು ಕಣ್ಣಿಗೆ ಕಾಣದಷ್ಟು ಚುಟುಕಾಗಿ ಮಿಂಚಿಸಿ ಎರಡರ ಮಾರಾಟವನ್ನೂ ಹೆಚ್ಚಿಸಿದೆನೆಂದು ಸಾರಿದರು. ಜನ ಕೆರಳಿದರು. 1962ರಲ್ಲಿ ಅವರೇ, ತಮ್ಮ ಬಳಿ ಇದ್ದ ಮಾಹಿತಿ ಏನನ್ನೂ ಹೇಳಲಾಗದಷ್ಟು ಅಲ್ಪವೆಂದು ಒಪ್ಪಿಕೊಂಡರು. ಆದರೆ ಆ ಕತೆ ಇಂದಿಗೂ ಮಾತು-ಭಾಷಣಗಳಲ್ಲಿ ನಿಜವೆಂದೇ ಓಡಾಡುತ್ತಿದೆ, ಇದು ನನಗೆ ಬೇಸರ ತರಿಸುತ್ತದೆ.

ಹಾಗೆಂದು ಪರಿಣಾಮವೇ ಇಲ್ಲವೆನ್ನುವುದೂ ಸುಳ್ಳು. ಎಲಿಜಬೆತ್ ಫೆರರ್ ಮತ್ತು ಡೇವಿಡ್ ರಾಬ್ 1962ರಲ್ಲಿ ಒಂದು ಸೊಗಸಾದ ಅಂಶವನ್ನು ಕಂಡುಕೊಂಡರು. ಏನಾದರೂ ಬಂದ ಕೂಡಲೇ ಗುಂಡಿ ಒತ್ತಿ ಎಂದಾಗ, ಮುಸುಕಿನಡಿ ಮರೆಯಾದ ಆಕೃತಿಗೂ ಚೆನ್ನಾಗಿ ಕಂಡ ಆಕೃತಿಗೂ ಜನರ ಬೆರಳು ಒಂದೇ ವೇಗದಲ್ಲಿ ಒತ್ತಿತು. ಕಾಣದ್ದಕ್ಕೆ ಬೆರಳು ತಡಮಾಡಲಿಲ್ಲ. ಸ್ಟಾನಿಸ್ಲಾಸ್ ದೆಹೇನ್ ಮತ್ತು ಸಂಗಡಿಗರು 1998ರಲ್ಲಿ ಅಂಕಿಗಳನ್ನು 43 ಮಿಲಿಸೆಕೆಂಡ್ ತೋರಿಸಿ ಹಿಂದೆ ಮುಂದೆ ಮುಸುಕು ಹಾಕಿದರು; ಬಳಿಕ ಕಾಣುವಂತೆ ಬಂದ ಅಂಕಿ 5ಕ್ಕಿಂತ ದೊಡ್ಡದೋ ಚಿಕ್ಕದೋ ಎಂದು ಕೇಳಿದರು. ಕಾಣದ ಅಂಕಿಯೂ ಅದೇ ಬದಿಯದಾಗಿದ್ದರೆ ಉತ್ತರ ಬೇಗ ಬಂತು. ಕೈಯನ್ನು ಆಡಿಸುವ ಮಿದುಳಿನ ಭಾಗದಲ್ಲಿ ಕಾಣದ ಅಂಕಿಗೆ ತಕ್ಕ ಸಿದ್ಧತೆಯ ಗುರುತೂ ಸಿಕ್ಕಿತು.

ಆದರೆ ಈ ಪರಿಣಾಮದ ಆಯಸ್ಸು ಎಷ್ಟು? ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರ 1996ರ ಅಳತೆಯಂತೆ, ಕಾಣದ ಪದದ ಪ್ರಭಾವ ಸುಮಾರು 100 ಮಿಲಿಸೆಕೆಂಡ್ ದಾಟುವಷ್ಟರಲ್ಲಿ ಕರಗಿಹೋಗುತ್ತದೆ. ಯೊಹಾನ್ ಕಾರೆಮನ್ಸ್ ಮತ್ತು ಸಂಗಡಿಗರು 2006ರಲ್ಲಿ ಒಂದು ತಂಪು ಪಾನೀಯದ ಹೆಸರನ್ನು ಕಾಣದಂತೆ ಮಿಂಚಿಸಿದಾಗ ಆಯ್ಕೆ ಅದರ ಕಡೆ ವಾಲಿದ್ದುಂಟು, ಆದರೆ ಬಾಯಾರಿದವರಲ್ಲಿ ಮಾತ್ರ, ಅದೂ ಆ ಕೂಡಲೇ ಕೇಳಿದಾಗ. ಕಿರ್ದಿಯ ಬರಹ ಪೆನ್ಸಿಲಿನದು. ಖಾತೆಗೆ ಏರದಿದ್ದರೆ ಅದು ಬೇಗ ಮಾಸುತ್ತದೆ. ನಮ್ಮನ್ನು ನಿಜವಾಗಿ ಬಗ್ಗಿಸುವ ಜಾಹೀರಾತುಗಳು ಕಾಣುವಂಥವು, ರಸ್ತೆಯ ಹೋರ್ಡಿಂಗಿನ ಮೇಲೆ ಹಗಲು ರಾತ್ರಿ ನಿಂತಿರುವಂಥವು.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. 'ಕಾಣಲಿಲ್ಲ' ಎಂಬುದನ್ನು ಹೇಗೆ ತಿಳಿಯುವುದು? ಕಾಣಲಿಲ್ಲ ಎಂದು ಒಬ್ಬರು ಹೇಳುವುದು ಸಾಕೇ, ಇಲ್ಲವೇ ಇತ್ತೋ ಇಲ್ಲವೋ ಎಂದು ಬಲವಂತವಾಗಿ ಹೇಳಿಸಿದಾಗ ಉತ್ತರ ಬರಿಯ ಊಹೆಯ ಮಟ್ಟಕ್ಕೆ ಇಳಿಯಬೇಕೇ? ಮೊದಲ ಅಳತೆ ಸಡಿಲ, ಎರಡನೆಯದು ಬಿಗಿ. ಸಡಿಲ ಅಳತೆಯಲ್ಲಿ ಸಿಕ್ಕ ಹಲವು ಅದ್ಭುತಗಳು ಬಿಗಿ ಅಳತೆಯಲ್ಲಿ ತೆಳುವಾಗುತ್ತವೆ. ಡೇನಿಯಲ್ ಹೊಲೆಂಡರ್ 1986ರಲ್ಲಿ ಇದನ್ನು ಕಟುವಾಗಿಯೇ ಎತ್ತಿ ಹೇಳಿದರು, ಅಲ್ಲಿಂದೀಚೆಗೆ ಈ ಕ್ಷೇತ್ರ ಹೆಚ್ಚು ಪ್ರಾಮಾಣಿಕವಾಯಿತು.

ಕೊನೆಯ ಆಕ್ಷೇಪ: ಕಂಡಿತ್ತು, ಮರೆತುಹೋಯಿತು

ಬಿಲ್ಲೆ ಒಂದು ಕ್ಷಣ ಪೂರ್ತಿಯಾಗಿ ಕಂಡಿತ್ತು, ಬಳೆ ಬಂದು ಅದರ ನೆನಪನ್ನು ಅಳಿಸಿತು ಎಂದರೆ? ನೋಡುಗ ಕಾಣಲಿಲ್ಲ ಎನ್ನುವುದು ನಂತರ. ಅವನ ಮಾತು ನೆನಪಿನ ಸಾಕ್ಷ್ಯವೇ ಹೊರತು ನೋಟದ ಸಾಕ್ಷ್ಯವಲ್ಲ.

ಈ ಪಕ್ಷಕ್ಕೆ ಆಧಾರವಾಗಿ ಜಾರ್ಜ್ ಸ್ಪರ್ಲಿಂಗ್ ಅವರ 1960ರ ಪ್ರಯೋಗವನ್ನು ತರಬಹುದು. ಮೂರು ಸಾಲು, ಸಾಲಿಗೆ ನಾಲ್ಕು, ಒಟ್ಟು 12 ಅಕ್ಷರಗಳನ್ನು 50 ಮಿಲಿಸೆಕೆಂಡ್ ತೋರಿಸಿದರೆ ಜನ ನಾಲ್ಕೈದನ್ನು ಮಾತ್ರ ಹೇಳುತ್ತಿದ್ದರು. ಎಲ್ಲವನ್ನೂ ಕಂಡೆ, ಹೇಳುವಷ್ಟರಲ್ಲಿ ಮಾಸಿತು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಸ್ಪರ್ಲಿಂಗ್ ಅದನ್ನು ನಂಬಿ ಪರೀಕ್ಷೆಗೊಡ್ಡಿದರು. ಅಕ್ಷರಗಳು ಹೋದ ಕೂಡಲೇ ಒಂದು ಸ್ವರ ನುಡಿಸಿದರು: ತಾರ ಸ್ವರಕ್ಕೆ ಮೇಲಿನ ಸಾಲು, ಮಧ್ಯಮಕ್ಕೆ ನಡುವಿನದು, ಮಂದ್ರಕ್ಕೆ ಕೆಳಗಿನದು. ಯಾವ ಸಾಲು ಕೇಳಿದರೂ ನಾಲ್ಕರಲ್ಲಿ ಸುಮಾರು ಮೂರು ಬಂದವು. ಯಾವ ಸಾಲು ಕೇಳುತ್ತಾರೆಂದು ಮೊದಲೇ ಗೊತ್ತಿಲ್ಲದ್ದರಿಂದ, 12ರಲ್ಲಿ ಸುಮಾರು 9 ಆ ಕ್ಷಣಕ್ಕೆ ಲಭ್ಯವಿದ್ದವು. ಸ್ವರ ಒಂದು ಸೆಕೆಂಡು ತಡವಾದರೆ ಆ ಲಾಭ ಹೆಚ್ಚುಕಡಿಮೆ ಹೋಗುತ್ತಿತ್ತು. ಮರುವರ್ಷ ಬೆಲ್ ಲ್ಯಾಬ್ಸ್‌ನ ಅವರ್‌ಬಾಕ್ ಮತ್ತು ಕೋರಿಯೆಲ್ ಸ್ವರದ ಬದಲು ಬೇಕಾದ ಅಕ್ಷರದ ಜಾಗವನ್ನು ಒಂದು ಸಣ್ಣ ಗೆರೆಯಿಂದ ತೋರಿಸಿದರು, ಅದು ನಡೆಯಿತು. ಗೆರೆಯ ಬದಲು ಆ ಜಾಗವನ್ನು ಸುತ್ತುವ ವೃತ್ತದಿಂದ ತೋರಿಸಿದರೆ, ವೃತ್ತ ಅಕ್ಷರವನ್ನೇ ಅಳಿಸಿಬಿಟ್ಟಿತು. ಅವರಿಗೆ ಸಿಕ್ಕದ್ದು ನಮ್ಮ ಬಳೆಯೇ.

ಹಾಗಾದರೆ ಮುಸುಕು ಅಳಿಸುವುದು ನೆನಪನ್ನೇ ಅಲ್ಲವೇ? ತತ್ತ್ವಜ್ಞ ಡೇನಿಯಲ್ ಡೆನೆಟ್ 1991ರಲ್ಲಿ ಈ ಪ್ರಶ್ನೆಯನ್ನು ಬಹಳ ತೀಕ್ಷ್ಣವಾಗಿ ನಿಲ್ಲಿಸಿದರು. ಮೊದಲು ಕಂಡು ನಂತರ ದಾಖಲೆ ತಿದ್ದಲಾಯಿತು ಎಂಬುದು ಒಂದು ಕತೆ. ಕಾಣುವುದಕ್ಕೆ ಮೊದಲೇ ತಡೆಹಿಡಿಯಲಾಯಿತು ಎಂಬುದು ಇನ್ನೊಂದು. ನೋಡುಗನ ಮಾತಿನಿಂದಾಗಲಿ, ಮಿದುಳಿನ ಅಳತೆಯಿಂದಾಗಲಿ ಇವೆರಡನ್ನು ಬೇರ್ಪಡಿಸಲಾಗದು, ಆದ್ದರಿಂದ ಇವುಗಳ ನಡುವೆ ಆರಿಸುವುದಕ್ಕೇ ಅರ್ಥವಿಲ್ಲ ಎಂದರು.

ಕಾಲದ ಅತಿ ಸಣ್ಣ ತುಣುಕುಗಳಲ್ಲಿ ಡೆನೆಟ್ ಅವರ ಮಾತನ್ನು ನಾನು ಒಪ್ಪುತ್ತೇನೆ. ಖಾತೆಗೆ ಏರುವ ಕೆಲಸ ಇಂತಹ ಮಿಲಿಸೆಕೆಂಡ್‌ಗೆ ಮುಗಿಯಿತೆಂದು ಗೆರೆ ಎಳೆಯಲಾಗದು. ಒಪ್ಪದಿರುವುದು ಪೂರ್ವಪಕ್ಷಿಯ ದೊಡ್ಡ ಮಾತನ್ನು, ಅಂದರೆ ಬಿಲ್ಲೆ ಪೂರ್ತಿ ಕಂಡು ಆಮೇಲೆ ಮರೆಯಿತೆಂಬುದನ್ನು. ಮರೆವು ಕಾಲ ಕಳೆದಂತೆ ಹೆಚ್ಚುತ್ತಾ ಹೋಗುತ್ತದೆ, ಸ್ಪರ್ಲಿಂಗ್ ಅವರ ಅಕ್ಷರಗಳು ಹಾಗೆಯೇ ಮಾಸಿದವು. ಬಿಲ್ಲೆಯ ಗೆರೆ ಹಾಗಿಲ್ಲ. ಬಳೆ 60 ಮಿಲಿಸೆಕೆಂಡ್‌ಗೆ ಬಂದರೆ ಅಳಿಸುವ ನೆನಪನ್ನು, ಒಟ್ಟಿಗೆ ಬಂದಾಗ ಏಕೆ ಅಳಿಸುವುದಿಲ್ಲ? ಮರೆವಿನ ಪಕ್ಷದಲ್ಲಿ ಇದಕ್ಕೆ ಸಹಜವಾದ ಉತ್ತರವಿಲ್ಲ. ಅರ್ಧಕ್ಕೆ ನಿಂತ ಕೆಲಸವೆಂಬ ಪಕ್ಷದಲ್ಲಿ ಇದೆ.

2013ರಲ್ಲಿ ಕ್ಲೇರ್ ಸೆರ್ಜೆಂಟ್ ಮತ್ತು ಸಂಗಡಿಗರು ಪ್ಯಾರಿಸ್‌ನಿಂದ ಪ್ರಕಟಿಸಿದ ಪ್ರಯೋಗ ಈ ವಾದವನ್ನು ಇನ್ನೊಂದು ತುದಿಯಿಂದ ಹಿಡಿಯಿತು. ಅಲ್ಲಿ ಮುಸುಕಿಲ್ಲ. ಪರದೆಯ ಎಡ ಬಲಗಳಲ್ಲಿ ಎರಡು ವೃತ್ತಗಳಿವೆ, ಅವುಗಳಲ್ಲಿ ಒಂದರ ಒಳಗೆ ಕಂಡೂ ಕಾಣದಷ್ಟು ಮಸುಕಾದ ಗೆರೆಗಳ ಮಚ್ಚೆ 50 ಮಿಲಿಸೆಕೆಂಡ್ ಮೂಡಿ ಹೋಗುತ್ತದೆ. ಅದು ಹೋದ ಮೇಲೆ ಒಂದು ವೃತ್ತವನ್ನು ಕ್ಷಣಕಾಲ ಮಂಕಾಗಿಸಿ ಗಮನವನ್ನು ಆ ಬದಿಗೆ ಎಳೆದರು. ಎಳೆದದ್ದು ಮಚ್ಚೆ ಇದ್ದ ಬದಿಗೇ ಆಗಿದ್ದರೆ, ಗೆರೆಗಳು ಯಾವ ಕಡೆ ಓರೆಯಾಗಿದ್ದವೆಂದು ಜನ ಹೆಚ್ಚು ಸರಿಯಾಗಿ ಹೇಳಿದರು. ಅಷ್ಟೇ ಅಲ್ಲ, ಕಂಡಿತು ಎಂದು ಹೇಳಿದ ಸಲಗಳೂ ಹೆಚ್ಚಿದವು. ಪೂರ್ವಪಕ್ಷಿ ಇಲ್ಲಿಯೂ, ಕಂಡದ್ದು ಮರೆಯದಂತೆ ಆ ಸಂಜ್ಞೆ ತಡೆಯಿತು ಎಂದಾನು. ಆದರೆ ಗಮನ ಬಂದ ಸಲ ಜನ ತಮಗೆ ಅದು ಹೆಚ್ಚು ಸ್ಪಷ್ಟವಾಗಿ ಕಂಡಿತೆಂದು ಅಂಕ ಕೊಟ್ಟರು. ಕಾಣುವಿಕೆಯೇ ಬದಲಾಯಿತೆಂದು ನಾನು ಓದುವುದು ಆ ಅಂಕಗಳಲ್ಲಿ. ಸಂಜ್ಞೆ 400 ಮಿಲಿಸೆಕೆಂಡ್ ತಡವಾದಾಗಲೂ ಫಲ ಉಳಿದಿತ್ತು. ಅಷ್ಟು ಹೊತ್ತಿನಲ್ಲಿ ಕಣ್ಣು ಸಾಮಾನ್ಯವಾಗಿ ಒಮ್ಮೆ ಜಿಗಿದು ಬೇರೊಂದನ್ನು ನೋಡುತ್ತಿರುತ್ತದೆ. ಮಚ್ಚೆ ಪರದೆಯಿಂದ ಹೋಗಿ ಅಷ್ಟು ಹೊತ್ತಾದರೂ, ಅದು ಕಂಡಿತೇ ಇಲ್ಲವೇ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ.